ಹುಳ ಮೇಯ್ದ ಬೇಲಿ

ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದು ಮೃಗಶಿರೆ ಹಿಡಿಯುವ ಹೊತ್ತಿಗೆ ಶಿರಸಿ ಸೀಮೆಯ ಬೇಲಿಗಳ ಚಹರೆಯೇ ಬದಲಾಗಿರುತ್ತದೆ. ಬೇಸಿಗೆಯಿಡೀ ಕೆಂಪು ದೂಳು ಹೊದ್ದು ನಿಂತಿದ್ದ ಗೂಟಗಳೂ ಚಿಗುರುತ್ತವೆ. ದರೆಯ ಮೇಲಿನ ಲಕ್ಕಿ, ದಣಪೆಯ ಪಕ್ಕದ ಕಣಗಿಲು, ಸಾಲಾಗಿ ಊರಿದ ಗ್ಲಿರಿಸೀಡಿಯ, ನಡುನಡುವೆ ಯಾರೂ ನೆಡದೆ ಹುಟ್ಟಿದ ಎಕ್ಕ. ಇವೆಲ್ಲದರ ಮೈಮೇಲೆ ಹತ್ತಿ ಹೊರಟ ಬಳ್ಳಿಗಳು ಎಷ್ಟೋ. ಚಿಗುರು ಕೆಲವು ಕಡೆ ತಾಮ್ರದ ಬಣ್ಣ, ಕೆಲವು ಕಡೆ ತಿಳಿಹಳದಿ. ಹಸಿರು ಇನ್ನೂ ಗಟ್ಟಿಯಾಗಿರುವುದಿಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಬೇಲಿಯುದ್ದಕ್ಕೂ ಹಸಿ ಎಲೆಯ ಒಗರು ವಾಸನೆ.

ವಾರ ಕಳೆದು ನೋಡಿದರೆ ಆ ಎಲೆಗಳಲ್ಲಿ ಇಡಿಯಾಗಿ ಉಳಿದವು ಕಡಿಮೆ. ಅಂಚಿನಲ್ಲಿ ಅರ್ಧಚಂದ್ರಾಕಾರದ ಕಚ್ಚು, ನಡುವೆ ತೂತು, ಕೆಲವದರಲ್ಲಿ ನಡುನರ ಮಾತ್ರ. ಕೆಳಗಿನ ಎಲೆಗಳ ಮೇಲೆ ಸಾಸಿವೆ ಗಾತ್ರದ ಕರಿ ಹಿಕ್ಕೆ ಚೆಲ್ಲಿರುತ್ತದೆ. ಹಿಕ್ಕೆ ಬಿದ್ದ ಜಾಗದಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿ ಎಲೆಯನ್ನು ಮೆಲ್ಲಗೆ ಮಗುಚಿದರೆ ಹುಳ ಸಿಗುತ್ತದೆ. ಹಸಿರಿನಲ್ಲಿ ಹಸಿರಾಗಿ ಮಲಗಿದ್ದು, ಒಣಕಡ್ಡಿಯಂತೆ ಸೆಟೆದು ನಿಂತದ್ದು, ಮೈತುಂಬ ರೋಮ ಹೊತ್ತದ್ದು, ಎಲೆಯನ್ನು ಮಡಚಿ ನೂಲಿನಲ್ಲಿ ಹೊಲಿದುಕೊಂಡು ಒಳಗೆ ಕೂತದ್ದು. ಕಂಡ ಕೂಡಲೇ ಮೈ ಜುಮ್ಮೆನ್ನುವವರೇ ಹೆಚ್ಚು. ಕೈಗೆ ಸಿಕ್ಕ ಕಡ್ಡಿಯಿಂದ ಕೆಡವಿ ಹೊಸಕುವವರೂ ಇದ್ದಾರೆ. ಬಣ್ಣದ ಚಿಟ್ಟೆಯ ಹಿಂದೆ ಓಡುವ ಮಗುವಿಗೆ, ಇದು ಅದರದೇ ಮಗು ಎಂದು ಹೇಳಿಕೊಡುವವರು ಕಡಿಮೆ.

ಬೇಲಿ ಮಾಡುವ ಕೆಲಸದಲ್ಲಿ ಬಹುಮುಖ್ಯವಾದದ್ದು ನಡೆಯುವುದು ಈ ತೂತುಬಿದ್ದ ಎಲೆಗಳಲ್ಲಿಯೇ. ಬಿಸಿಲನ್ನು ಹಿಡಿದು ಅನ್ನ ಮಾಡುವುದು ಎಲೆ. ಆದರೆ ಆ ಅನ್ನವನ್ನು ನೇರವಾಗಿ ಉಣ್ಣಬಲ್ಲ ಜೀವಿಗಳು ಸ್ವಲ್ಪವೇ. ಪಿಕಳಾರ ಎಲೆ ತಿಂದು ಮರಿ ಸಾಕಲಾರದು. ಓತಿಕ್ಯಾತಕ್ಕೆ ಎಲೆ ಜೀರ್ಣವಾಗದು. ಜೇಡ, ಕಣಜ, ಕಪ್ಪೆಗಳಿಗಂತೂ ಎಲೆ ಆಹಾರವೇ ಅಲ್ಲ. ಎಲೆಯ ಸತ್ವವನ್ನು ಮಾಂಸವಾಗಿ, ಕೊಬ್ಬಾಗಿ ಬದಲಿಸಿ ಇವರೆಲ್ಲರ ಬಾಯಿಗೆ ಎಟುಕುವಂತೆ ಮಾಡುವ ಜೀವಿಗಳಲ್ಲಿ ದೊಡ್ಡ ಪಾಲು ಈ ಹುಳುಗಳದ್ದು. ಜಗತ್ತಿನಲ್ಲಿ ಹೆಸರಿಟ್ಟು ಗುರುತಿಸಿದ ಚಿಟ್ಟೆ ಮತ್ತು ಪತಂಗಗಳೇ ಸುಮಾರು 1,60,000 ಬಗೆ. ಅವುಗಳಲ್ಲಿ ಚಿಟ್ಟೆಗಳು 18,000 ದಷ್ಟು ಮಾತ್ರ, ಉಳಿದವೆಲ್ಲ ಪತಂಗ. ಒಂದೊಂದಕ್ಕೂ ಹುಳುವಿನ ಬಾಲ್ಯವಿದೆ. ಬಾಲ್ಯಕ್ಕೆ ಬೇಕಾದ ಎಲೆ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ.

ಎಕ್ಕದ ಗಿಡದ ಬಳಿ ಸ್ವಲ್ಪ ಹೊತ್ತು ನಿಂತರೆ ಇದು ತಿಳಿಯುತ್ತದೆ. ರಥಸಪ್ತಮಿಯ ಬೆಳಗ್ಗೆ ತಲೆ, ಭುಜಗಳ ಮೇಲಿಟ್ಟು ಮೀಯುವುದಕ್ಕೆ ಎಲೆ, ಶನಿವಾರ ಆಂಜನೇಯನ ಹಾರಕ್ಕೆ ಹೂವು. ಇವೆರಡು ಬಿಟ್ಟರೆ ಎಕ್ಕದ ತಂಟೆಗೆ ಮನುಷ್ಯರು ಹೋಗುವುದು ಕಡಿಮೆ. ಆಡು ಸಹ ಅದನ್ನು ಮೂಸಿ ಮುಂದೆ ಹೋಗುತ್ತದೆ. ಎಲೆ ಹರಿದರೆ ಸುರಿಯುವ ಹಾಲು ಅಂಟು, ಕಣ್ಣಿಗೆ ಬಿದ್ದರೆ ಅಪಾಯ, ಅದರೊಳಗಿನ ವಿಷ ಹೃದಯದ ಬಡಿತವನ್ನೇ ಕೆಡಿಸುವಂಥದು. ಪ್ಲೈನ್ ಟೈಗರ್ ಚಿಟ್ಟೆ ಮೊಟ್ಟೆಯಿಡುವುದು ಇದರ ಮೇಲೆಯೇ. ಕಪ್ಪು, ಬಿಳಿ, ಹಳದಿಯ ಪಟ್ಟೆ ಹೊತ್ತ ಅದರ ಹುಳುವಿಗೆ ಬೆನ್ನ ಮೇಲೆ ಮೂರು ಜೊತೆ ಕರಿ ಎಳೆಗಳು. ಅದು ಊಟಕ್ಕೆ ಕೂರುವ ಮೊದಲು ಮಾಡುವ ಕೆಲಸ ನೋಡಬೇಕು. ಎಲೆಯ ನರವನ್ನು ಮೊದಲು ಕಚ್ಚಿ ಕಚ್ಚಿ ಸೀಳುತ್ತದೆ. ಹಾಲು ಅಲ್ಲಿಯೇ ಸೋರಿ ಹೋಗುತ್ತದೆ, ಸೀಳಿನಾಚೆಯ ಭಾಗಕ್ಕೆ ಹರಿಯುವುದಿಲ್ಲ. ಆಮೇಲೆ ಆ ಆಚೆಯ ಭಾಗವನ್ನು ನಿಶ್ಚಿಂತೆಯಿಂದ ಮೇಯುತ್ತದೆ. ಹಾಗೆ ಮೇಯುವಾಗ ಒಳಹೋದಷ್ಟು ವಿಷವನ್ನು ಮೈಯಲ್ಲಿ ಕೂಡಿಡುತ್ತದೆ. ಹುಳು ಕೋಶವಾಗಿ, ಕೋಶ ಚಿಟ್ಟೆಯಾದ ಮೇಲೂ ಆ ವಿಷ ಉಳಿದಿರುತ್ತದೆ. ಒಮ್ಮೆ ಅದನ್ನು ನುಂಗಿ ವಾಂತಿ ಮಾಡಿಕೊಂಡ ಹಕ್ಕಿ ಆ ಕೇಸರಿ ರೆಕ್ಕೆಯನ್ನು ಮರೆಯುವುದಿಲ್ಲ. ಬದುವಿನ ಗೋಣಿಸೊಪ್ಪು ತಿಂದು ಬೆಳೆಯುವ ಡನೈಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆ ಇದೆ. ಅದರ ಹೆಣ್ಣು ಪ್ಲೈನ್ ಟೈಗರಿನ ವೇಷವನ್ನೇ ತೊಟ್ಟು ಹಾರುತ್ತದೆ. ಅದರ ಮೈಯಲ್ಲಿ ಆ ವಿಷವಿಲ್ಲ. ಎಕ್ಕ ಗಿಡ ಬೇಲಿಯಲ್ಲಿ ಇರುವವರೆಗೆ ಆ ವೇಷಕ್ಕೆ ಬೆಲೆ.

ಇಂಥ ಜಟಿಲ ಒಪ್ಪಂದಗಳು ಏಕೆ ಹುಟ್ಟಿದವು ಎಂಬುದಕ್ಕೆ 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಕೊಟ್ಟ ವಿವರಣೆ ಇಂದಿಗೂ ಚರ್ಚೆಯಲ್ಲಿದೆ. ತಿನ್ನುವವರನ್ನು ತಡೆಯಲು ಗಿಡ ಹೊಸ ವಿಷ ತಯಾರಿಸುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಯಾವುದೋ ಒಂದು ಹುಳುವಿನ ಕುಲ ಆ ವಿಷವನ್ನು ಅರಗಿಸಿಕೊಳ್ಳಲು ಕಲಿಯುತ್ತದೆ. ಕಲಿತ ಮೇಲೆ ಆ ಗಿಡವೇ ಅದರ ಮನೆ. ಗಿಡ ಮತ್ತೆ ಬದಲಾಗುತ್ತದೆ, ಹುಳು ಮತ್ತೆ ಹೊಂದಿಕೊಳ್ಳುತ್ತದೆ. ಹೀಗೆ ಒಂದರ ಹಿಂದೆ ಒಂದು ಓಡುತ್ತ ಎರಡೂ ಕವಲೊಡೆದು ಇಷ್ಟು ಬಗೆಯ ಗಿಡ, ಇಷ್ಟು ಬಗೆಯ ಚಿಟ್ಟೆ ಆದವು. ಒಂದು ಎಲೆಯ ವಿಷಕ್ಕೆ ಒಗ್ಗಿದ ಹೊಟ್ಟೆ ಇನ್ನೊಂದು ಎಲೆಯ ಮೇಲೆ ಉಪವಾಸ ಬೀಳುವುದೂ ಇದರಿಂದಲೇ.

ಹಿತ್ತಿಲ ಕರಿಬೇವಿನ ಗಿಡಕ್ಕೆ ಬರುವ ಹುಳುವನ್ನು ಅಡಿಗೆ ಮನೆಯವರೆಲ್ಲ ಬಲ್ಲರು. ಲೈಮ್ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಎರಡೂ ನಿಂಬೆ, ಕರಿಬೇವುಗಳಲ್ಲಿ ಮೊಟ್ಟೆಯಿಡುತ್ತವೆ. ಎಳೆಯ ಹುಳು ಕಂದು, ನಡುವೆ ಬಿಳಿ ತೇಪೆ. ಎಲೆಯ ಮೇಲೆ ಹಕ್ಕಿ ಪಿಕ್ಕೆ ಹಾಕಿದೆ ಎಂದುಕೊಂಡು ಕಣ್ಣು ಮುಂದೆ ಹೋಗುತ್ತದೆ. ಬೆಳೆದ ಮೇಲೆ ಅದು ಹಸಿರಾಗುತ್ತದೆ. ಬೆರಳು ತಾಗಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದು ಥಟ್ಟನೆ ಹೊರಬಂದು ಕಟುವಾದ ಹುಳಿ ನಾತ ಬೀರುತ್ತದೆ. ನೆರೆಮನೆಯ ಹಿರಿಯಾಕೆ ಒಮ್ಮೆ ಬೋಳಾದ ಗಿಡದ ಮುಂದೆ ನಿಂತು ಬೇಸರಪಟ್ಟುಕೊಂಡಿದ್ದರು.

“ಅಲ್ಲ ತಮ್ಮಾ, ಒಗ್ಗರಣೆಗೆ ಅಂತ ನಾಕು ಎಸಳಾದರೂ ಬಿಡಬೇಕಾ ಬೇಡವಾ ಇದು?”

“ನಾಲ್ಕು ದಿನ ತಡೀರಿ ಅಕ್ಕ, ಅದು ಕೋಶ ಕಟ್ಟುತ್ತೆ. ಗಿಡ ಮತ್ತೆ ಚಿಗುರುತ್ತೆ.”

“ಚಿಗುರೋದು ಗೊತ್ತು ಮಾರಾಯ, ನಮ್ಮ ಅತ್ತೆ ಕಾಲದಿಂದ ಚಿಗುರ್ತಾನೇ ಇದೆ. ಈ ಟುವ್ವಿ ಹಕ್ಕಿ ದಿನಾ ಬಂದು ಆರಿಸ್ಕೊಂಡು ಹೋಗ್ತದೆ. ಅದಕ್ಕೇ ಔಷಧಿ ಹೊಡೀಲಿಲ್ಲ ನಾನು.”

ಅವರ ಲೆಕ್ಕ ಸರಿಯಾಗಿತ್ತು. ದಾಸವಾಳದ ಎಲೆ ಹೊಲಿದು ಗೂಡು ಮಾಡಿದ್ದ ಟುವ್ವಿ ಜೋಡಿ ಆ ಗಿಡವನ್ನು ಸುತ್ತಿ ಸುತ್ತಿ ಬರುತ್ತಿತ್ತು. ಕೊಕ್ಕಿನಲ್ಲಿ ಹಸಿರು ಹುಳ ಜೋತಾಡುತ್ತಿತ್ತು. ಕಣ್ಣು ಬಿಡದ ಮರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಆಹಾರ ಸಿಗದು. ಜೀರುಂಡೆಯ ಹಾಗೆ ಗಟ್ಟಿ ಚಿಪ್ಪಿಲ್ಲ, ನೀರಿನಂಶವಿದೆ, ಕೊಬ್ಬು, ಪ್ರೋಟೀನು ತುಂಬಿದೆ, ಎಲೆಯಿಂದ ಬಂದ ಹಳದಿ ವರ್ಣದ್ರವ್ಯವೂ ಇದೆ. ಅಂಗಳದಲ್ಲಿ ಕಾಳು ಹೆಕ್ಕುವ ಗುಬ್ಬಚ್ಚಿಯೂ ಮರಿಗೆ ಮೊದಲ ದಿನಗಳಲ್ಲಿ ಕಾಳು ಕೊಡುವುದಿಲ್ಲ, ಹುಳುಹುಪ್ಪಟೆಯನ್ನೇ ಹುಡುಕಿ ತರುತ್ತದೆ. ಗುಬ್ಬಿ ಕಡಿಮೆಯಾಯಿತು ಎಂದು ಮರುಗಿ ರಟ್ಟಿನ ಗೂಡು ತೂಗಿಸುವವರು, ಮರಿಯ ಬಾಯಿಗೆ ಹಾಕಲು ಆ ಬೀದಿಯಲ್ಲಿ ಹುಳು ಎಲ್ಲಿದೆ ಎಂದೂ ಹುಡುಕಬೇಕು.

ಶಿರಸಿ, ಸಿದ್ದಾಪುರದ ಕಾನಿನಂಚಿಗೆ ಹೋದರೆ ಇನ್ನೊಂದು ಬಳ್ಳಿ ಸಿಗುತ್ತದೆ. ಈಶ್ವರಬಳ್ಳಿ. ತೆಳ್ಳನೆಯ ಕಾಂಡ, ಬುಡದಲ್ಲಿ ಉಬ್ಬಿ ತುದಿಯಲ್ಲಿ ಕೊಳವೆಯಾದ ವಿಚಿತ್ರ ಹೂವು, ಒಣಗಿದಾಗ ಕೆಳಗಿನಿಂದ ಬಿರಿದು ಪುಟ್ಟ ತೂಗುಬುಟ್ಟಿಯಾಗುವ ಕಾಯಿ. ಹಾವಿನ ವಿಷಕ್ಕೆ ಮದ್ದು ಎಂದು ನಂಬಿ ಇದರ ಬೇರನ್ನು ತಲೆಮಾರುಗಳಿಂದ ಅಗೆದಿದ್ದಾರೆ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯರ ಮೂತ್ರಪಿಂಡಕ್ಕೆ ಮಾರಕ ಎಂಬುದು ಈಗ ಖಚಿತವಾಗಿದೆ. ನಮ್ಮ ಮೂತ್ರಪಿಂಡ ತಾಳದ ಈ ರಸದಲ್ಲಿಯೇ ಕರ್ನಾಟಕದ ರಾಜ್ಯ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್, ಬೆಳೆದು ದೊಡ್ಡದಾಗುತ್ತದೆ.

ಬರ್ಡ್‌ವಿಂಗ್ ಹಾರಿ ಬರುವುದನ್ನು ನೋಡಿದವರಿಗೆ ಮೊದಲು ಅದು ಚಿಟ್ಟೆ ಎನಿಸುವುದಿಲ್ಲ. ಮರಗಳ ನೆತ್ತಿಯ ಮಟ್ಟದಲ್ಲಿ ಕರಿಯ ಮುಂರೆಕ್ಕೆ ಬಡಿಯುತ್ತ ಸಾವಕಾಶ ತೇಲುತ್ತದೆ. ಬಿಸಿಲು ಬಿದ್ದಾಗ ಹಿಂರೆಕ್ಕೆಯ ಹಳದಿ ಹೊಳೆಯುತ್ತದೆ. ರೆಕ್ಕೆ ಹರಡಿದರೆ 140ರಿಂದ 190 ಮಿಲಿಮೀಟರ್. 1932ರಲ್ಲಿ ದಾಖಲಾದ ಒಂದು ಚಿಟ್ಟೆಯ ಅಳತೆಯ ಬಲದಿಂದ ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ಬಿರುದು ಇದಕ್ಕೆ ಬಹುಕಾಲ ಇತ್ತು. ಉತ್ತರಾಖಂಡದಲ್ಲಿ 194 ಮಿಲಿಮೀಟರಿನ ಹೆಣ್ಣು ಗೋಲ್ಡನ್ ಬರ್ಡ್‌ವಿಂಗ್ ಸಿಕ್ಕ ಸುದ್ದಿ 2020ರಲ್ಲಿ ಬಂದ ಮೇಲೆ ಆ ಬಿರುದು ಅತ್ತ ಹೋಯಿತು. ದೊಡ್ಡಸ್ತಿಕೆಯ ಲೆಕ್ಕ ಹಾಗಿರಲಿ. ಮೊಟ್ಟೆಯಿಡಲು ಬಂದ ಹೆಣ್ಣು ಎತ್ತರದ ಹಾರಾಟ ಬಿಟ್ಟು ಪೊದೆಯ ಮಟ್ಟಕ್ಕೆ ಇಳಿಯುತ್ತದೆ. ಒಂದು ಎಲೆಯ ಮೇಲೆ ಕ್ಷಣ ಕೂರುತ್ತದೆ, ಮುಂಗಾಲಿನಿಂದ ತಟ್ಟುತ್ತದೆ, ಏಳುತ್ತದೆ. ಇನ್ನೊಂದು ಎಲೆ, ಮತ್ತೊಂದು ಎಲೆ. ಅದು ಕಾಲಿನಲ್ಲಿ ರುಚಿ ನೋಡುತ್ತಿರುತ್ತದೆ. ಈಶ್ವರಬಳ್ಳಿ ಅಥವಾ ಅದರ ಹತ್ತಿರದ ಬಂಧುಗಳ ಎಲೆ ಕಾಲಿಗೆ ತಾಗಿದರೆ ಮಾತ್ರ ಹೊಟ್ಟೆ ಬಗ್ಗಿಸಿ, ಎಲೆಯಡಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಒಂದೊಂದಾಗಿ ಇಡುವುದಕ್ಕೆ ಕಾರಣವಿದೆ. ಕಡುಗೆಂಪು ಮಖಮಲ್ಲಿನ ಮೈ, ತುಂಬ ಮೆತ್ತನೆಯ ಮುಳ್ಳು, ನಡುವೆ ಓರೆಯಾಗಿ ಹಾದ ಬಿಳಿಪಟ್ಟಿ ಇರುವ ಆ ಹುಳು ಬೆಳೆಯುತ್ತ ಬಂದಂತೆ ತೆಳ್ಳನೆಯ ಬಳ್ಳಿಯೊಂದನ್ನು ಪೂರಾ ಬೋಳು ಮಾಡಬಲ್ಲದು. ಒಂದು ಬಳ್ಳಿಯ ಮೇಲೆ ಹತ್ತು ಹುಳು ಹುಟ್ಟಿದರೆ ಹತ್ತಕ್ಕೂ ಹೊಟ್ಟೆ ತುಂಬದು.

ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಇನ್ನೆರಡು ಚಿಟ್ಟೆಗಳಿಗೂ ತವರು ಈ ಬಳ್ಳಿಯೇ. ಕೆಂಪು ಮೈಯ ಆ ಎರಡೂ ಬಳ್ಳಿಯ ವಿಷವನ್ನು ಹೊತ್ತಿರುತ್ತವೆ, ಹಕ್ಕಿಗಳು ಮುಟ್ಟುವುದಿಲ್ಲ. ಇಲ್ಲಿ ಮತ್ತೆ ಕರಿಬೇವಿನ ಗಿಡ ನೆನಪಾಗಬೇಕು. ಆ ಗಿಡದಲ್ಲಿ ಬೆಳೆದ ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಹಲವು ಈ ಎರಡು ರೋಸ್‌ಗಳ ವೇಷದಲ್ಲಿಯೇ ಹುಟ್ಟುತ್ತವೆ. ತಮ್ಮದು ನಿರ್ವಿಷ ಮೈಯಾದರೂ ನೋಟದಿಂದ ಹಕ್ಕಿಯನ್ನು ಹೆದರಿಸುತ್ತವೆ. ನಿಜವಾದ ರೋಸ್‌ಗಳನ್ನು ಕಚ್ಚಿ ಪಾಠ ಕಲಿತ ಹಕ್ಕಿಗಳು ಸುತ್ತಮುತ್ತ ಇದ್ದಾಗ ಈ ವೇಷ ಕೆಲಸ ಮಾಡುತ್ತದೆ. ಅಂದರೆ ಹಿತ್ತಿಲಲ್ಲಿ ಕರಿಬೇವು ಉಂಡು ಹೊರಟ ಚಿಟ್ಟೆಯ ಜೀವ ಕಾನಿನಂಚಿನ ಇನ್ನೊಂದು ಬಳ್ಳಿಯನ್ನು ನೆಚ್ಚಿಕೊಂಡಿದೆ. ಬೇರಿಗೆಂದು ಬಳ್ಳಿಯನ್ನು ಕಿತ್ತವರಿಗೆ, ರಸ್ತೆ ಅಗಲಿಸುವಾಗ ಪೊದೆ ಗೋರಿದವರಿಗೆ ಈ ಸಂಬಂಧ ಕಾಣಿಸುವುದಿಲ್ಲ. ನನಗೆ ಈ ಸಂಗತಿ ತಿಳಿದಾಗಿನಿಂದ ಯಾವ ಪೊದೆಯನ್ನೂ ಕಳೆ ಎಂದು ಕರೆಯುವ ಧೈರ್ಯ ಸಾಲುತ್ತಿಲ್ಲ.

ಯಾವ ಹುಳುವಿಗೆ ಯಾವ ಎಲೆ ಎಂಬ ತಿಳಿವಳಿಕೆಯ ಒಂದು ದೊಡ್ಡ ಪಾಲು ನಮ್ಮ ಉತ್ತರ ಕನ್ನಡದ ಕಾಡಿನಲ್ಲಿಯೇ ಸಂಗ್ರಹವಾಯಿತು ಎಂಬುದು ಹೆಮ್ಮೆಯ ವಿಷಯ. ಮುಂಬೈ ಪ್ರಾಂತಕ್ಕೆ ಸೇರಿದ್ದ ಆಗಿನ ಉತ್ತರ ಕೆನರಾದಲ್ಲಿ ಕೆಲಸ ಮಾಡುತ್ತಿದ್ದ ಮೂವರು ಅಧಿಕಾರಿಗಳು, ಜೆ. ಡೇವಿಡ್ಸನ್, ಇ.ಎಚ್. ಐಟ್ಕಿನ್ ಮತ್ತು ಅರಣ್ಯ ಇಲಾಖೆಯ ಟಿ.ಆರ್. ಬೆಲ್, 1890ರ ದಶಕದಲ್ಲಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಆ ಕಾಲದ ಹೆಚ್ಚಿನವರು ಚಿಟ್ಟೆ ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆ ತುಂಬುತ್ತಿದ್ದರು. ಇವರು ಹುಳುಗಳನ್ನು ಹುಡುಕಿ, ಅವು ಕೂತ ಗಿಡದ ಸೊಪ್ಪನ್ನೇ ಕೊಟ್ಟು ಸಾಕಿ, ಕೋಶ ಕಟ್ಟಿಸಿ, ಯಾವ ಹುಳು ಯಾವ ಚಿಟ್ಟೆಯಾಯಿತು ಎಂದು ಬರೆದಿಟ್ಟರು. ಬೆಲ್ ನಿವೃತ್ತರಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲಿಯೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಎಫ್.ಬಿ. ಸ್ಕಾಟ್ ಜೊತೆ ಬರೆದ ಹಾಕ್‌ಮಾತ್ ಪತಂಗಗಳ ಸಂಪುಟ 1937ರಲ್ಲಿ ಬಂತು, ಅದರಲ್ಲಿಯೂ ಹುಳು ಮತ್ತು ಅದರ ಗಿಡಕ್ಕೆ ದೊಡ್ಡ ಜಾಗ. ಪಶ್ಚಿಮಘಟ್ಟದ ಚಿಟ್ಟೆಗಳ ಆತಿಥೇಯ ಸಸ್ಯಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ಚಿಟ್ಟೆಗಳಿಗೆ ಸೇರಿದ 800ಕ್ಕೂ ಹೆಚ್ಚು ಗಿಡಗಳಿವೆ. ಅಂಥ ಪಟ್ಟಿಗೆ ಬುನಾದಿ ಹಾಕಿದ್ದು ಕಾರವಾರದ ಸುತ್ತಿನ ಆ ಹಳೆಯ ಟಿಪ್ಪಣಿಗಳು.

ಯಲ್ಲಾಪುರ ದಾಟಿ ಹಳಿಯಾಳದ ಕಡೆ ಇಳಿದರೆ ತೇಗದ ಕಾಡು. ಮುಂಗಾರಿಗೆ ಮೊದಲ ಅಡ್ಡಮಳೆ ಬಿದ್ದು ತೇಗ ಚಿಗುರುವ ದಿನಗಳಲ್ಲಿ ಕೆಲವು ವರ್ಷ ಅಲ್ಲಿ ಕಾಣುವ ನೋಟ ಬೆಚ್ಚಿಬೀಳಿಸುವಂಥದು. ಅಗಲವಾಗಿ ಬಿಚ್ಚಿಕೊಳ್ಳುತ್ತಿದ್ದ ಎಳೆಯೆಲೆಗಳು ಕೆಲವೇ ದಿನಗಳಲ್ಲಿ ನರಗಳ ಬಲೆಯಾಗಿ ಉಳಿಯುತ್ತವೆ. ಹೈಬ್ಲಿಯಾ ಎಂಬ ಪತಂಗದ ಹುಳು ಒಮ್ಮೆಲೇ ಕೋಟಿಗಟ್ಟಲೆ ಹುಟ್ಟಿ ಗುಡ್ಡಕ್ಕೆ ಗುಡ್ಡವನ್ನೇ ಮೇಯ್ದಿರುತ್ತದೆ. ಆ ಕಾಡಿನೊಳಗೆ ನಿಂತರೆ ಮಳೆಯಿಲ್ಲದಿದ್ದರೂ ಒಣಗಿದ ಎಲೆಗಳ ಮೇಲೆ ಹನಿ ಬೀಳುವ ಸದ್ದು ಎಡೆಬಿಡದೆ ಕೇಳುತ್ತದೆ. ಮೇಲಿನಿಂದ ಉದುರುವ ಹಿಕ್ಕೆ ಅದು. ಮುಖಕ್ಕೆ ಅಡ್ಡವಾಗಿ ನೂಲಿನ ಎಳೆಗಳು ಸಿಗುತ್ತವೆ. ಹುಳುಗಳು ಆ ಎಳೆ ಹಿಡಿದು ನೆಲಕ್ಕಿಳಿದು ದರಕಿನ ಅಡಿಯಲ್ಲಿ ಕೋಶವಾಗುತ್ತವೆ.

ಅರಣ್ಯ ಇಲಾಖೆಯ ಲೆಕ್ಕದಲ್ಲಿ ಇದು ನಷ್ಟವೇ. ಕೇರಳದ ನಿಲಂಬೂರಿನ ಎಳೆಯ ತೇಗದ ನೆಡುತೋಪಿನಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಡೆಸಿದ ಅಧ್ಯಯನದ ಪ್ರಕಾರ ಬೆಳೆಯಬಹುದಾಗಿದ್ದ ಮರದ ಗಾತ್ರದಲ್ಲಿ 44 ಪ್ರತಿಶತ ಈ ಹುಳುವಿನಿಂದ ಕೈತಪ್ಪುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ. ಒಂದೇ ಜಾತಿಯ, ಒಂದೇ ವಯಸ್ಸಿನ ಮರಗಳನ್ನು ಸಾಲುಹಿಡಿದು ನೆಟ್ಟರೆ ಹುಳುವಿಗೆ ಎಲ್ಲಿಯೂ ತಡೆಯಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮರಗಳು ಸಾಯುವುದಿಲ್ಲ, ಮುಂಗಾರು ಬಲಿಯುತ್ತಿದ್ದಂತೆ ಮತ್ತೆ ಎಲೆಯೊಡೆಯುತ್ತವೆ. ಉದುರಿದ ಹಿಕ್ಕೆಯಲ್ಲಿ ಎಲೆಯ ಸಾರಜನಕವಿದೆ. ಎಲೆ ತಾನಾಗಿ ಉದುರಿ ಕೊಳೆಯಲು ಹಿಡಿಯುವಷ್ಟು ಕಾಲ ಅದಕ್ಕೆ ಬೇಡ, ಮೊದಲ ಮಳೆಗೇ ಕರಗಿ ಬೇರಿಗೆ ಇಳಿಯುತ್ತದೆ. ಆ ದಿನಗಳಲ್ಲಿ ಹರಟೆಮಲ್ಲಗಳ ದಂಡು ದರಕು ಕೆದಕುತ್ತ ಗದ್ದಲ ಎಬ್ಬಿಸುತ್ತದೆ. ಕಾಜಾಣ, ಗೊರವಂಕ, ಕಾಗೆಗಳಿಗೆ ಹಬ್ಬ. ಹಕ್ಕಿಗಳು ಮರಿ ಮಾಡುವ ಕಾಲವೂ ಇದೇ.

ಬಯಲುಸೀಮೆಯ ಕಥೆ ಬೇರೆ ರಂಗಿನದು. ಪಾವಗಡ, ಚಳ್ಳಕೆರೆಯ ಕಡೆ ಶೇಂಗಾ ಹೊಲಗಳ ನೆಲದೊಳಗೆ ಹಿಂದಿನ ಮಳೆಗಾಲದಿಂದಲೂ ಕೆಂಪುತಲೆ ಕಂಬಳಿಹುಳುವಿನ ಕೋಶಗಳು ಮಲಗಿರುತ್ತವೆ. ಹದವಾದ ಮಳೆ ಬಿದ್ದ ಮೇಲೆ ಪತಂಗಗಳು ಮಣ್ಣಿನಿಂದ ಏಳುತ್ತವೆ, ಮೊಟ್ಟೆಯಿಡುತ್ತವೆ. ಮುಂದೆ ರೋಮದ ಹುಳುಗಳು ಒಂದು ಹೊಲದಿಂದ ಇನ್ನೊಂದಕ್ಕೆ ದಂಡಾಗಿ ನಡೆಯುತ್ತವೆ. ರೈತರು ಬದುವಿನ ಮೇಲೆ ರಾತ್ರಿ ಬೆಂಕಿ ಹಾಕಿ ಪತಂಗಗಳನ್ನು ಸೆಳೆಯುತ್ತಾರೆ, ಹೊಲದ ಸುತ್ತ ಕಾಲುವೆ ತೋಡಿ ಹುಳುಗಳನ್ನು ಬೀಳಿಸುತ್ತಾರೆ. ಅದೇ ಹೊತ್ತಿಗೆ ಆಫ್ರಿಕದಿಂದ ಮುಂಗಾರಿನ ಗಾಳಿಯ ಜೊತೆ ಹಾರಿ ಬರುವ ಅತಿಥಿ ಚಾತಕ. ಕಪ್ಪು ಬಿಳುಪು ಮೈ, ನೆತ್ತಿಯಲ್ಲಿ ಜುಟ್ಟು. ಮಳೆಹನಿಯನ್ನಷ್ಟೇ ಕುಡಿದು ಬದುಕುತ್ತದೆ ಎಂದು ಕವಿಗಳು ಹಾಡಿದ ಹಕ್ಕಿಯ ನಿಜವಾದ ಊಟ ಕಂಬಳಿಹುಳು. ಬೇರೆ ಹಕ್ಕಿಗಳು ರೋಮಕ್ಕೆ ಹೆದರಿ ದೂರ ಇರುವ ಹುಳುವನ್ನು ಅದು ಕೊಕ್ಕಿನಲ್ಲಿ ಈ ತುದಿಯಿಂದ ಆ ತುದಿಗೆ ಹಿಂಡಿ, ಕರುಳು ಹೊರಹಾಕಿ ನುಂಗುತ್ತದೆ. ಮಳೆಗಾಗಿ ಚಾತಕ ಕಾಯುತ್ತದೆ ಎಂಬ ಮಾತು ಹುಸಿಯಲ್ಲ. ಮಳೆ ಬಂದರೆ ಎಲೆ, ಎಲೆಯಿದ್ದರೆ ಹುಳು, ಹುಳುವಿದ್ದರೆ ಅದಕ್ಕೆ ಬದುಕು.

ನುಗ್ಗೆ ಮರದ ಕಾಂಡಕ್ಕೆ ಮಳೆಗಾಲದಲ್ಲಿ ಗುಂಪಾಗಿ ಅಂಟಿಕೊಳ್ಳುವ ಕಂಬಳಿಹುಳುಗಳಿಗೆ ಸೂಡಿ ಹಚ್ಚಿ ಸುಡುವುದು ಎಲ್ಲ ಊರಲ್ಲೂ ಇದೆ. ಮೈಗೆ ತಾಗಿದರೆ ದಡಿಕೆ ಏಳುತ್ತದೆ, ಮಕ್ಕಳಿರುವ ಮನೆಯವರ ಭಯ ನ್ಯಾಯವಾದದ್ದೇ. ಕಲಬುರಗಿಯ ತೊಗರಿ ಹೊಲದಲ್ಲಿ ಕಾಯಿಕೊರಕ, 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ದೇಶಕ್ಕೇ ಮೊದಲ ಬಾರಿಗೆ ಕಂಡ ಅಮೆರಿಕ ಮೂಲದ ಸೈನಿಕ ಹುಳು ರೈತರ ನಿದ್ದೆ ಕೆಡಿಸಿವೆ. ಸಾಲ ಮಾಡಿ ಬಿತ್ತಿದವನಿಗೆ ಹುಳುವಿನ ಚೆಲುವನ್ನು ವರ್ಣಿಸುವುದು ಅನ್ಯಾಯ. ಆದರೆ ಪಟ್ಟಿ ಮಾಡಿದರೆ ಬೆಳೆಗೆ ಎರವಾಗುವ ಹುಳುಗಳು ಕೆಲವು, ಉಳಿದ ಸಾವಿರಾರು ಬಗೆಗೆ ನಮ್ಮ ಬೆಳೆಯ ಗೊಡವೆಯೇ ಇಲ್ಲ. ಬೆಳೆಯ ಹುಳುಗಳನ್ನು ಹಿಡಿತದಲ್ಲಿ ಇಡುವ ಕಣಜಗಳು ವರ್ಷವಿಡೀ ಬದುಕುವುದು ಬೇಲಿಯ ಆ ನಿರಪಾಯ ಹುಳುಗಳನ್ನು ಆಧರಿಸಿ. ತೊಗರಿ ಇಲ್ಲದ ತಿಂಗಳುಗಳಲ್ಲಿ ಅವು ಬೇರೆಲ್ಲಿ ಹೊಟ್ಟೆ ಹೊರೆಯಬೇಕು?

ಗೋಡೆಯ ಮೂಲೆಯಲ್ಲಿ ಮಣ್ಣಿನ ಪುಟ್ಟ ಮಡಕೆ ಕಟ್ಟುವ ಕಣಜವನ್ನು ಎಲ್ಲರೂ ನೋಡಿರುತ್ತೀರಿ. ಅದು ಹುಳುಗಳನ್ನು ಚುಚ್ಚಿ ಸ್ತಬ್ಧಗೊಳಿಸಿ, ಹೊತ್ತು ತಂದು ಒಳಗೆ ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಮಡಕೆ ಒಡೆದು ಹೊರಬರುವುದು ಹುಳುವಲ್ಲ, ಕಣಜ. ಒಳಗಿಟ್ಟ ಕೀಟ ಭ್ರಮರವನ್ನೇ ಧ್ಯಾನಿಸಿ ಭ್ರಮರವಾಯಿತು ಎಂದು ಹಿರಿಯರು ತಿಳಿದರು. ಭ್ರಮರಕೀಟ ನ್ಯಾಯವೆಂದು ಶಾಸ್ತ್ರದಲ್ಲಿ, ಗುರುಕರುಣೆಯ ಉಪಮೆಯಾಗಿ ವಚನಗಳಲ್ಲಿ ಅದು ಉಳಿಯಿತು. ಒಳಗೆ ನಡೆಯುವುದು ಬೇರೆ, ಕಣಜದ ಮೊಟ್ಟೆ ಒಡೆದು ಮರಿ ಆ ಹುಳುಗಳನ್ನು ತಿಂದು ಬೆಳೆಯುತ್ತದೆ. ಗಿಡವೂ ಈ ಆಟದಲ್ಲಿ ಸುಮ್ಮನೆ ಕೂರುವುದಿಲ್ಲ. ಹುಳು ಮೇಯುತ್ತಿರುವ ಮೆಕ್ಕೆಜೋಳದ ಎಲೆ ಬಿಡುವ ವಿಶೇಷ ವಾಸನೆಯ ಜಾಡು ಹಿಡಿದು ಪರಾವಲಂಬಿ ಕಣಜಗಳು ಬರುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳು 1990ರಲ್ಲಿ ತೋರಿಸಿಕೊಟ್ಟರು. ಕತ್ತರಿಯಿಂದ ಕತ್ತರಿಸಿದರೆ ಅಷ್ಟು ವಾಸನೆ ಬರದು, ಹುಳುವಿನ ಜೊಲ್ಲು ಗಾಯಕ್ಕೆ ತಾಗಬೇಕು.

ಹುಳು ಎಂದರೆ ಹೇಸುವ ನಾಡೇ ಒಂದು ಹುಳುವನ್ನು ಮಗುವಿಗಿಂತ ಹೆಚ್ಚು ಜೋಪಾನ ಮಾಡುತ್ತದೆ. ರಾಮನಗರ, ಶಿಡ್ಲಘಟ್ಟ, ಕೋಲಾರದ ಹುಳುಮನೆಗಳಿಗೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕು. ಹಿಪ್ಪುನೇರಳೆ ಸೊಪ್ಪನ್ನು ಹೊತ್ತುಹೊತ್ತಿಗೆ ಹೊಸದಾಗಿ ಕೊಡಬೇಕು. ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು ತಲೆಯೆತ್ತಿ ಮಂಕಾಗಿ ಕೂರುವುದನ್ನು ರೈತರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳುವಿನ ಹಸಿವು ವಿಪರೀತ. ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ 80 ಪ್ರತಿಶತಕ್ಕೂ ಮಿಗಿಲು ಈ ಕೊನೆಯ ಒಂದು ವಾರದಲ್ಲಿ ಹೋಗುತ್ತದೆ. ಆಗ ರಾತ್ರಿ ಹುಳುಮನೆಯ ಹೊರಗೆ ನಿಂತವರಿಗೂ ಸೊಪ್ಪು ಕಡಿಯುವ ಸರಸರ ಸದ್ದು ಕೇಳಿಸುತ್ತದೆ. ಹುಟ್ಟಿದಾಗಿನ ತೂಕದ ಸುಮಾರು 10,000 ಪಟ್ಟು ಬೆಳೆದು, ಹಣ್ಣಾಗಿ, ಚಂದ್ರಿಕೆ ಏರಿ, ಕಿಲೋಮೀಟರಿನಷ್ಟು ಉದ್ದದ ಒಂದೇ ಎಳೆಯಲ್ಲಿ ಗೂಡು ಕಟ್ಟುತ್ತದೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ದೇಶದ ಮುಂಚೂಣಿಯ ರಾಜ್ಯ ಕರ್ನಾಟಕ. ಅಂದರೆ ಒಂದು ಹುಳುವಿಗೆ ಅದರದೇ ಒಂದು ಗಿಡ ಬೇಕು ಎಂಬ ತತ್ವದ ಮೇಲೆ ಇಲ್ಲಿ ಸಾವಿರಾರು ಸಂಸಾರಗಳು ನಿಂತಿವೆ. ಬೇಲಿಯ ಹುಳುವಿಗೂ ಅದೇ ತತ್ವ. ಅದಕ್ಕೆ ಸೊಪ್ಪು ಕೊಯ್ದು ಹಾಕುವವರು ಬೇಕಿಲ್ಲ, ಗಿಡವನ್ನು ಕೀಳದಿದ್ದರೆ ಸಾಕು.

ಕೀಳುವ ಕೆಲಸವೇ ಈಗ ಬಹಳ ಸಲೀಸಾಗಿದೆ. ಹಸಿರು ಬೇಲಿಯ ಜಾಗಕ್ಕೆ ತಂತಿ ಬಂತು, ತಂತಿಯ ಬುಡ ಚೊಕ್ಕವಾಗಿರಲೆಂದು ಕಳೆನಾಶಕ ಬಂತು. ಒಂದು ಕ್ಯಾನು ಬೆನ್ನಿಗೆ ಹಾಕಿಕೊಂಡು ಅರ್ಧ ದಿನ ನಡೆದರೆ ಗೋಣಿಸೊಪ್ಪು, ಎಕ್ಕದ ಸಸಿ, ತೊಂಡೆಬಳ್ಳಿ, ಈಶ್ವರಬಳ್ಳಿ ಎಲ್ಲವೂ ಒಂದೇ ಬಣ್ಣಕ್ಕೆ ಒಣಗುತ್ತವೆ. ಕೂಲಿಯಾಳು ಸಿಗದ ಕಷ್ಟ ನಿಜ, ಕತ್ತಿ ಹಿಡಿದು ಬೇಲಿ ಸವರುವ ಕೈಗಳು ಕಡಿಮೆಯಾಗಿವೆ. ಆದರೆ ಕತ್ತಿಯಲ್ಲಿ ಸವರಿದ ಬೇಲಿ ಮತ್ತೆ ಚಿಗುರುತ್ತಿತ್ತು. ಪೇಟೆಯ ನರ್ಸರಿಗಳಲ್ಲಿ ಗಿರಾಕಿಗಳು ಕೇಳುವುದು ಹುಳ ಬೀಳದ ಗಿಡ. ದೂರದ ದೇಶದಿಂದ ತಂದ, ನಮ್ಮ ಯಾವ ಹುಳುವಿಗೂ ರುಚಿಸದ ಅಲಂಕಾರದ ಗಿಡಗಳು ವರ್ಷವಿಡೀ ಒಂದು ತೂತೂ ಇಲ್ಲದೆ ಮಿರುಗುತ್ತವೆ. ಅಂಥ ತೋಟದಲ್ಲಿ ಹೂವಿದ್ದರೆ ಚಿಟ್ಟೆ ಬಂದು ಮಕರಂದ ಕುಡಿದು ಹೋಗಬಹುದು, ಮೊಟ್ಟೆಯಿಡಲು ಅದಕ್ಕಲ್ಲಿ ಎಲೆಯಿಲ್ಲ.

ಮೂಡುಬಿದಿರೆಯ ಹತ್ತಿರ ಬೆಳುವಾಯಿಯಲ್ಲಿ ಒಂದು ಚಿಟ್ಟೆ ಉದ್ಯಾನವಿದೆ. ಅಲ್ಲಿ ಚಿಟ್ಟೆಗಳನ್ನು ತಂದು ಬಲೆಯೊಳಗೆ ಬಿಡಲಿಲ್ಲ. ಹುಳುಗಳಿಗೆ ಬೇಕಾದ ಗಿಡಗಳನ್ನು ಹುಡುಕಿ ಬೆಳೆಸಿದರು, ಚಿಟ್ಟೆಗಳು ತಾವಾಗಿ ಬಂದು ನೆಲೆಸಿದವು. ಎಕರೆಗಟ್ಟಲೆ ಜಾಗವಿಲ್ಲದವರಿಗೂ ಈ ದಾರಿ ಮುಚ್ಚಿಲ್ಲ. ಶಾಲೆಯ ಮುಂದಿನ ಉದ್ದ ಅಶೋಕದ ಸಾಲು, ಹಿತ್ತಿಲ ಸೀತಾಫಲ, ಗುಡಿಯ ಸಂಪಿಗೆ, ಮೂರೂ ಟೇಲ್ಡ್ ಜೇ ಎಂಬ ಹಸಿರು ಚುಕ್ಕೆಯ ಚಿಟ್ಟೆಗೆ ತವರುಮನೆ. ರಸ್ತೆಬದಿಯ ಕಕ್ಕೆ ಮರ ಎಮಿಗ್ರೆಂಟ್ ಚಿಟ್ಟೆಗಳದ್ದು. ಮಾವಿನ ಕೊಂಬೆಯ ಮೇಲೆ ಬೆಳೆದ ಬದನಿಕೆ ಕಂಡರೆ ತೋಟಿಗರಿಗೆ ಸಿಟ್ಟು ಬರುತ್ತದೆ. ಅದರ ಎಲೆಯ ಮೇಲೆ ಸಾಲಾಗಿ ಮೊಟ್ಟೆಯಿಡುವ ಜೆಜೆಬೆಲ್ ಚಿಟ್ಟೆಗೆ ಅದು ಬಿಟ್ಟರೆ ಗತಿಯಿಲ್ಲ, ಫಸಲಿಗೆ ತೀರ ತೊಡಕಾದ ಕೊಂಬೆಯನ್ನಷ್ಟೇ ಕಡಿದು ಒಂದೆರಡು ಗೊಂಚಲು ಬಿಟ್ಟರೆ ಮರ ಬಡವಾಗುವುದಿಲ್ಲ. ಕಣಗಿಲು, ನಂದಿಬಟ್ಟಲಿನಲ್ಲಿ ನೀಲಿ ಕಣ್ಣಿನ ಗುರುತು ಹೊತ್ತ ದಪ್ಪ ಹಸಿರು ಹುಳು ಕಂಡರೆ ಅದು ಸಂಜೆಯ ಹೂಗಳಿಗೆ ಬರುವ ಹಾಕ್‌ಮಾತ್‌ನ ಮರಿ. ಅದೇ ಕುಲದ ಪತಂಗಗಳು ಪಪ್ಪಾಯಿ ಹೂವಿಗೂ ಪರಾಗ ಒಯ್ಯುತ್ತವೆ.

ನನ್ನ ಕೋರಿಕೆ ಇಷ್ಟೇ. ಪಂಚಾಯ್ತಿಯವರು ರಸ್ತೆಬದಿ ಸವರಿಸುವುದಾದರೆ ಮಳೆಗಾಲದ ನಡುವೆ ಬೇಡ, ದೀಪಾವಳಿ ಕಳೆಯಲಿ. ಆಗಲೂ ಒಮ್ಮೆಗೆ ಒಂದು ಬದಿ ಸಾಕು, ಇನ್ನೊಂದು ಬದಿ ಮುಂದಿನ ವರ್ಷಕ್ಕಿರಲಿ. ಗುಡಿಸಿದ ದರಕಿನಲ್ಲಿ ಕೋಶಗಳಿರುತ್ತವೆ, ಬೆಂಕಿ ಕೊಡದೆ ಮರದ ಬುಡಕ್ಕೋ ಕೊಟ್ಟಿಗೆಗೋ ಹಾಕಿ. ಬೇಲಿಯಲ್ಲಿ ಈಶ್ವರಬಳ್ಳಿ ಉಳಿದಿರುವ ಮನೆಯವರು ಕಾಯಿ ಬಿರಿಯುವ ಮೊದಲು ಬೀಜ ಎತ್ತಿಟ್ಟು ಕೇಳಿದವರಿಗೆ ಕೊಡಿ. ಮೊದಲ ವರ್ಷ ಬಳ್ಳಿ ತೆಳ್ಳಗಿರುತ್ತದೆ, ಹುಳು ಬಿದ್ದರೆ ಬೋಳಾಗುತ್ತದೆ, ಆದ್ದರಿಂದ ಒಂದರ ಬದಲು ಐದಾರು ಬುಡ ನೆಡಬೇಕು.